ಪೆಟ್ಟಿನ ಅಡಿಯ ನಾದ

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ನನ್ನ ಸೋದರಳಿಯ ಒಂದು ಕಂಪ್ಯೂಟರನ್ನೂ ಎರಡು ಸ್ಪೀಕರುಗಳನ್ನೂ ಇಟ್ಟುಕೊಂಡು ಸಂಗೀತ ಮುದ್ರಿಸುತ್ತಾನೆ. ಒಂದು ಸಂಜೆ ಅಡಿಗೆಮನೆಯ ತಟ್ಟೆಗಳು ತಾವಾಗಿಯೆ ಅದುರಿದುವು. ಮೇಲೆ ಹೋಗಿ, “ಇದೇನೋ, ಮನೆ ಬೀಳಿಸುತ್ತೀಯಾ?” ಎಂದೆ.

“ಡ್ರಮ್ಮಿನ ಪೆಟ್ಟು, ಮಾವ. ಕೇಳುವುದಕ್ಕೆ ಒಂದೇ ಆದರೂ ಅದರಲ್ಲಿ ಎರಡು ಸದ್ದಿವೆ. ಮೇಲಿನದು ಡ್ರಮ್ಮಿನದು, ಅಡಿಯದು ಯಂತ್ರದ್ದು” ಎಂದ.

“ಹಾಗಾದರೆ ಅದು ಕಲಬೆರಕೆ” ಎಂದುಬಿಟ್ಟೆ. ಹಳಗನ್ನಡ ಪಾಠ ಹೇಳುವವನ ಬಾಯಿಗೆ ಆ ಮಾತು ಬೇಗ ಬರುತ್ತದೆ. ಈ ಕಲಬೆರಕೆಯ ಚರಿತ್ರೆಯನ್ನು ಓದಿದ ಮೇಲೆ ನನ್ನ ತೀರ್ಪು ಅವಸರದ್ದೆಂದು ತೋರಿತು.

ಪಾಶ್ಚಾತ್ಯರ ವಾದ್ಯಮೇಳದಲ್ಲಿ ಕಾಲಿನಿಂದ ಮೆಟ್ಟಿ ನುಡಿಸುವ ದೊಡ್ಡ ಡ್ರಮ್ಮಿಗೆ ‘ಕಿಕ್ ಡ್ರಮ್’ ಎಂದು ಹೆಸರು. 1909ರಲ್ಲಿ ಷಿಕಾಗೊದ ವಿಲಿಯಂ ಲಡ್ವಿಗ್ ಚುರುಕಾದ ಪೆಡಲೊಂದನ್ನು ರೂಪಿಸಿದ ಮೇಲೆ, ಕೈಗೆ ಸಣ್ಣ ಡ್ರಮ್ಮು, ಕಾಲಿಗೆ ದೊಡ್ಡದು ಎಂದು ಒಬ್ಬನೇ ಕುಳಿತು ನುಡಿಸುವುದು ಸುಲಭವಾಯಿತು. ಆದರೆ ಗ್ರಾಮಫೋನಿಗೂ ಈ ಡ್ರಮ್ಮಿಗೂ ಬಹುಕಾಲ ಒಗ್ಗಲಿಲ್ಲ. ಕೊಂಬಿನ ಮುಂದೆ ಹಾಡಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿದ್ದ ಕಾಲ ಅದು. ಜೋರಾದ ಪೆಟ್ಟು ಬಿದ್ದರೆ ಮುಳ್ಳು ದಾರಿ ತಪ್ಪುವ ಭಯ. 1925ರಲ್ಲಿ ಮೈಕ್ರೊಫೋನು ಬಳಸಿ ವಿದ್ಯುತ್ತಿನಿಂದ ಮುದ್ರಿಸುವ ಕ್ರಮ ಬಂದ ಮೇಲೆಯೇ ಮಂದ್ರದ ಸದ್ದುಗಳಿಗೆ ತಟ್ಟೆಯಲ್ಲಿ ತಕ್ಕಮಟ್ಟಿನ ಜಾಗ ದೊರೆತದ್ದು.

ಯಂತ್ರ ಒಪ್ಪಿದರೂ ಕಿವಿ ಒಪ್ಪಬೇಕಲ್ಲ! ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಫ್ಲೆಚರ್ ಮತ್ತು ಮನ್‌ಸನ್ ಎಂಬ ಇಬ್ಬರು ವಿಜ್ಞಾನಿಗಳು 1933ರಲ್ಲಿ ಒಂದು ಸಂಗತಿಯನ್ನು ಅಳೆದು ತೋರಿಸಿದರು. ಸದ್ದು ಮೆಲುವಾದಷ್ಟೂ ನಮ್ಮ ಕಿವಿ ಮಂದ್ರಕ್ಕೆ ಹೆಚ್ಚು ಕಿವುಡಾಗುತ್ತದೆ. ಡ್ರಮ್ಮಿನ ಎದುರು ನಿಂತಾಗ ಎದೆಗೆ ತಾಗುವ ಪೆಟ್ಟು, ಮನೆಯಲ್ಲಿ ಮೆಲ್ಲಗೆ ಕೇಳುವಾಗ ರಟ್ಟಿನ ಪೆಟ್ಟಿಗೆಯನ್ನು ತಟ್ಟಿದಂತಾಗುವುದಕ್ಕೆ ಇದೊಂದು ಕಾರಣ.

ಈ ನಷ್ಟವನ್ನು ತುಂಬಲು ಸ್ಟುಡಿಯೋಗಳಲ್ಲಿ ಒಂದು ಉಪಾಯ ರೂಢಿಗೆ ಬಂತು. ಸೆಕೆಂಡಿಗೆ 50 ಸಲ ಕಂಪಿಸುವ ನಾದವನ್ನು ಆಸಿಲೇಟರ್ ಎಂಬ ಯಂತ್ರದಿಂದ ಎಡೆಬಿಡದೆ ಹೊರಡಿಸುವುದು. ಅದರ ದಾರಿಯಲ್ಲಿ ‘ಗೇಟ್’ ಎಂಬ ವಿದ್ಯುತ್ತಿನ ಬಾಗಿಲನ್ನಿಡುವುದು. ಪೆಟ್ಟು ಬಿದ್ದೊಡನೆ ಬಾಗಿಲು ತೆರೆಯುತ್ತದೆ, ನಾದ ಒಂದು ಕ್ಷಣ ಹೊರಬಂದು ಪೆಟ್ಟಿನ ಅಡಿಗೆ ಸೇರುತ್ತದೆ, ಬಾಗಿಲು ಮತ್ತೆ ಮುಚ್ಚುತ್ತದೆ. ಕೇಳುವವನಿಗೆ ಡ್ರಮ್ಮೇ ದೊಡ್ಡದಾದಂತೆ ತೋರುತ್ತದೆ.

1980ರಲ್ಲಿ ಜಪಾನಿನ ರೋಲ್ಯಾಂಡ್ ಸಂಸ್ಥೆ ‘ಟಿಆರ್-808’ ಎಂಬ ತಾಳಯಂತ್ರವನ್ನು ಮಾರಾಟಕ್ಕೆ ತಂದಿತು. ಅದೇ ವರ್ಷ ಬಂದ ಅಮೆರಿಕದ ಲಿನ್ ಯಂತ್ರದೊಳಗೆ ನಿಜವಾದ ಡ್ರಮ್ಮುಗಳ ಸದ್ದೇ ಅಡಗಿತ್ತು. ಬೆಲೆ ಸುಮಾರು 5,000 ಡಾಲರು. 808ರ ಬೆಲೆ 1,195 ಡಾಲರು. ಅದರ ಡ್ರಮ್ಮು ಮಾತ್ರ ಡ್ರಮ್ಮಿನಂತಿರಲಿಲ್ಲ. ಗಂಟೆಯನ್ನು ಒಮ್ಮೆ ಹೊಡೆದು ಬಿಟ್ಟಂತೆ ವಿದ್ಯುನ್ಮಂಡಲವೊಂದು ಮಂದ್ರದಲ್ಲಿ ಗುಂಯ್ಗುಟ್ಟಿ ಅಡಗುತ್ತಿತ್ತು. ಗುಂಡಿ ತಿರುಗಿಸಿದರೆ ಆ ಗುಂಯ್ಕಾರವನ್ನು ಉದ್ದ ಮಾಡಬಹುದಾಗಿತ್ತು. ಸುಮಾರು 12,000 ಯಂತ್ರಗಳಾದ ಮೇಲೆ 1983ರಲ್ಲಿ ತಯಾರಿಕೆ ನಿಂತಿತು. ಅಷ್ಟರಲ್ಲಿ, 1982ರಲ್ಲಿ, ಬೆಲ್ಜಿಯಮಿನಲ್ಲಿದ್ದ ಮಾರ್ವಿನ್ ಗೇ ‘ಸೆಕ್ಷುಯಲ್ ಹೀಲಿಂಗ್’ ಹಾಡಿಗೂ, ನ್ಯೂಯಾರ್ಕಿನ ಆಫ್ರಿಕಾ ಬಂಬಾಟಾ ‘ಪ್ಲಾನೆಟ್ ರಾಕ್’ ಹಾಡಿಗೂ ಅದನ್ನು ಬಳಸಿದ್ದರು. ಅದೇ ವರ್ಷ ಮುಂಬಯಿಯ ಚರಣಜಿತ್ ಸಿಂಗ್ ಅದರ ತಾಳದ ಮೇಲೆ ಹತ್ತು ರಾಗಗಳನ್ನು ನುಡಿಸಿ ಮುದ್ರಿಸಿದರು. ಹಣವಿಲ್ಲದ ತರುಣರು ಹಳೆಯ ಯಂತ್ರಗಳನ್ನು ಅಗ್ಗದಲ್ಲಿ ಕೊಂಡರು. ಮುಂದೆ ಅದರ ಗುಂಯ್ಕಾರವನ್ನಷ್ಟೇ ತೆಗೆದು ನಿಜವಾದ ಡ್ರಮ್ಮಿನ ಅಡಿಗಿಡುವುದು ಮನೆಮನೆಯ ವಿದ್ಯೆಯಾಯಿತು.

ಎಲ್ಲರಿಗೂ ಇದರಿಂದ ಸಂತೋಷವಾಗಲಿಲ್ಲ. 1982ರಲ್ಲಿಯೇ ಬ್ರಿಟನ್ನಿನ ಸಂಗೀತಗಾರರ ಸಂಘದ ಲಂಡನ್ ಶಾಖೆಯೊಂದು ಇಂಥ ಯಂತ್ರಗಳನ್ನು ನಿಷೇಧಿಸಬೇಕೆಂದು ನಿರ್ಣಯ ಮಾಡಿತು. ಹೊಟ್ಟೆಪಾಡಿನ ಆ ಭಯವನ್ನು ಹಗುರವಾಗಿ ಕಾಣಲಾರೆ. ನಾನು ಮೃದಂಗದವರ ಮನೆಯಲ್ಲಿ ಬೆಳೆದವನು.

ಆದರೆ ಮೃದಂಗವೇ ನನಗೆ ಇನ್ನೊಂದು ಮಾತನ್ನೂ ಹೇಳುತ್ತದೆ. ಕಚೇರಿಗೆ ಮುಂಚೆ ನಮ್ಮ ತಂದೆಯವರು ರವೆಯನ್ನು ನೀರಿನಲ್ಲಿ ಕಲಸಿ ಎಡಮುಖಕ್ಕೆ ಮೆತ್ತುತ್ತಿದ್ದರು, ಕಚೇರಿ ಮುಗಿದ ಮೇಲೆ ಕೆರೆದು ತೆಗೆಯುತ್ತಿದ್ದರು. ಚರ್ಮಕ್ಕೆ ಭಾರ ಕೂಡಿದರೆ ನಾದ ಮಂದ್ರಕ್ಕಿಳಿಯುತ್ತದೆ. ಬಲಮುಖದ ಕಪ್ಪು ಕರಣೆ ಸ್ವರವನ್ನು ಹೇಗೆ ಇಂಪುಗೊಳಿಸುತ್ತದೆಂಬುದನ್ನು ಸಿ. ವಿ. ರಾಮನ್ 1920ರಲ್ಲೊಮ್ಮೆ, ಬೆಂಗಳೂರಿಗೆ ಬಂದ ಮೇಲೆ 1934ರಲ್ಲಿ ಇನ್ನೊಮ್ಮೆ ವಿವರಿಸಿ ಬರೆದರು. ರವೆ ಕಲಬೆರಕೆಯಲ್ಲವಾದರೆ ಯಂತ್ರದ ನಾದ ಮಾತ್ರ ಹೇಗೆ ಕಲಬೆರಕೆಯಾದೀತು? ಇಷ್ಟಕ್ಕೆ ನನ್ನ ಸೋಲನ್ನು ಒಪ್ಪಿಕೊಂಡೆ.

ಹುಡುಗ ಅಲ್ಲಿಗೆ ನಿಲ್ಲಲಿಲ್ಲ. ನಾನು ಬಾಲಕನಾಗಿದ್ದಾಗ ಮನೆಯ ಸಣ್ಣ ಟೇಪ್‌ರೆಕಾರ್ಡರಿನಲ್ಲಿ ಮುದ್ರಿಸಿದ ತಂದೆಯವರ ಕ್ಯಾಸೆಟ್ಟು ಒಂದಿದೆ. ಬಲಗೈ ಸ್ಪಷ್ಟವಾಗಿದೆ, ಎಡಗೈ ಇದೆಯೋ ಇಲ್ಲವೋ ಎಂಬಂತಿದೆ. “ತಾತನ ಎಡಗೈಯ ಅಡಿಗೂ ನಾದ ಇಡುತ್ತೇನೆ, ಮಾವ” ಎಂದ. ಮೊದಲ ಪ್ರಯತ್ನದಲ್ಲಿ ಇದ್ದ ಸದ್ದೂ ಹೋಯಿತು. 50 ಕಂಪನದ ನಾದದ ಒಂದು ಅಲೆಗೆ ಸೆಕೆಂಡಿನ ಐವತ್ತನೆಯ ಒಂದು ಪಾಲು ಸಾಕು. ಸೇರಿಸುವ ನಾದ ಅದರ ಅರ್ಧದಷ್ಟು ತಡವಾದರೂ ಒಂದು ಏರುವಾಗ ಇನ್ನೊಂದು ಇಳಿದು ಎರಡೂ ಅಳಿಯುತ್ತವೆ. ಅದನ್ನು ಸರಿಪಡಿಸಿದ. ಇನ್ನೊಂದು ತೊಡಕು ಬಂತು: ಕಿಕ್ ಡ್ರಮ್ಮಿಗೆ ಒಂದೇ ಸ್ಥಾಯಿಯ ನಾದ ಸಾಕು, ಮೃದಂಗದ ಎಡಗೈಯಾದರೋ ಅಂಗೈಯ ಬುಡವನ್ನೊತ್ತಿ ನಾದವನ್ನು ಜಾರಿಸುತ್ತದೆ. ಹತ್ತಾರು ಸಂಜೆ ಕುಳಿತು ಪ್ರತಿಯೊಂದು ಜಾರಿಗೂ ಗೆರೆ ಬರೆದ.

ಆಗ ನನ್ನೊಳಗಿನ ಗ್ರಂಥಸಂಪಾದಕ ಎಚ್ಚರಗೊಂಡ. ಓಲೆಗರಿಯಲ್ಲಿ ಹುಳು ತಿಂದ ಅಕ್ಷರವನ್ನು ನಾವೂ ಊಹಿಸಿ ತುಂಬುತ್ತೇವೆ. ಆದರೆ ಕಂಸದೊಳಗೆ ಹಾಕುತ್ತೇವೆ. ಹಾಕದಿದ್ದರೆ ಅದು ಪ್ರಕ್ಷಿಪ್ತ. ತನ್ನ ಹಾಡಿಗೆ ಹುಡುಗ ಏನನ್ನು ಸೇರಿಸಿದರೂ ಅದು ಅವನ ರಚನೆ; ತಾತನ ಪೆಟ್ಟಿಗೆ ಸೇರಿಸಿದ್ದು ನಮ್ಮ ಊಹೆ. ನೂರು ವರ್ಷದಿಂದ ಧ್ವನಿಮುದ್ರಣ ಈ ಎರಡನ್ನೂ ಒಂದೇ ಕಸುಬಿನಿಂದ ಮಾಡುತ್ತ ಬಂದಿರುವುದರಿಂದಲೇ ಕೇಳುವವನಿಗೆ ಭೇದ ತಿಳಿಯುವುದಿಲ್ಲ.

ಭಾನುವಾರ ತಾಯಿಯವರನ್ನು ಮಹಡಿಗೆ ಕರೆದು ಎರಡನ್ನೂ ಕೇಳಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, “ಎರಡನೆಯದನ್ನು ಇನ್ನೊಂದು ಸಲ ಹಾಕು ಮಗು” ಎಂದರು. ಹಾಕಿದ. ಅವರು ಇಳಿದುಹೋದ ಮೇಲೆ ನಾನು ಪಕ್ಕದಲ್ಲಿ ಕುಳಿತು ಹೆಸರು ಬರೆಯಿಸಿದೆ: ಮೊದಲನೆಯದಕ್ಕೆ “ತಾತ”, ಎರಡನೆಯದಕ್ಕೆ “ತಾತ (ಕೆಳನಾದ ಮೊಮ್ಮಗನದು)”.