ಎಳೆಬಿಸಿಲಿನ ಹೊಲ: ರಾವಂದೂರು ಸೀಮೆ ಮತ್ತು ಮೈಸೂರು ನಾಡಿನ ಛಾಯಾಗ್ರಹಣ

ಪಿರಿಯಾಪಟ್ಟಣ ತಾಲ್ಲೂಕಿನ ಹೋಬಳಿ ಕೇಂದ್ರವಾದ ರಾವಂದೂರು ಮಲೆನಾಡಿಗೂ ಬಯಲಿಗೂ ನಡುವಣ ನೆಲದಲ್ಲಿದೆ. ಪಶ್ಚಿಮಕ್ಕೆ ಕೊಡಗಿನತ್ತ ಸಾಗಿದಂತೆ ಮಳೆ ಹೆಚ್ಚುತ್ತದೆ. ಪೂರ್ವಕ್ಕೆ ಕೃಷ್ಣರಾಜನಗರದ ಕಡೆ ಕಾವೇರಿ ನಾಲೆಗಳ ಭತ್ತದ ಗದ್ದೆಗಳಿವೆ. ದಕ್ಷಿಣಕ್ಕೆ ಹುಣಸೂರು, ಹೆಗ್ಗಡದೇವನಕೋಟೆಗಳ ಹೊಲಗಳು ಏರಿಳಿಯುತ್ತ ಕಾಡಿನಂಚಿನವರೆಗೆ ಹಬ್ಬಿವೆ. ನೆತ್ತಿಯ ಮೇಲೆ ಸಿಡಿಲು ಮಲ್ಲಿಕಾರ್ಜುನನ ಗುಡಿಯನ್ನು ಹೊತ್ತ ಬೆಟ್ಟದಪುರದ ಬೆಟ್ಟ ಈ ಸೀಮೆಯ ದೊಡ್ಡ ಗುರುತು. ಮುಂಜಾನೆಯ ಓರೆಬೆಳಕಿನಲ್ಲಿ ಇಂತಹ ನೆಲದ ಒಂದೊಂದು ದಿಬ್ಬವೂ ಒಂದೊಂದು ಸಾಲೂ ಬಿಡಿಯಾಗಿ ಕಾಣುತ್ತದೆ. ಕ್ಯಾಮೆರಾ ಹಿಡಿದವರನ್ನು ಹಳ್ಳಿಗಾಡಿನತ್ತ ಸೆಳೆಯುತ್ತ ಬಂದಿರುವುದು ಈ ನೋಟವೇ. ಆದರೆ ಅಂತಹ ಚಿತ್ರಗಳನ್ನು ಸೌಂದರ್ಯದ ದೃಷ್ಟಿಯಿಂದ ಮೆಚ್ಚಿದಷ್ಟು, ಬದುಕಿನ ದಾಖಲೆಗಳೆಂದು ಓದುವ ಪ್ರಯತ್ನ ನಡೆದಿಲ್ಲ.

ಜನಪದರು ಬೆಳಗನ್ನು ಗಡಿಯಾರದಿಂದ ಅಳೆದವರಲ್ಲ. ಬೆಳ್ಳಿ ಮೂಡುವುದು, ಕೋಳಿ ಕೂಗುವುದು, ನಸುಕು ಹರಿಯುವುದು, ಹೊತ್ತು ಮೂಡುವುದು, ಎಳೆಬಿಸಿಲು, ಮಾರುದ್ದ ಹೊತ್ತು ಏರುವುದು ಎಂಬ ಮಾತುಗಳು ಒಂದರ ಹಿಂದೊಂದು ಬರುವ ಹಂತಗಳನ್ನು ಸೂಚಿಸುತ್ತವೆ. ಒಂದೊಂದು ಹಂತಕ್ಕೂ ಒಂದೊಂದು ಕೆಲಸ ಅಂಟಿಕೊಂಡಿರುತ್ತದೆ: ದನದ ಕೊಟ್ಟಿಗೆ ಗುಡಿಸುವುದು, ಹಾಲು ಕರೆಯುವುದು, ನೇಗಿಲು ಹೂಡುವುದು, ಕೊಯ್ಲಿಗೆ ಹೊರಡುವುದು. ಛಾಯಾಗ್ರಾಹಕ ಸೊಗಸಿನ ಬೆಳಕಿಗಾಗಿ ಕಾಯುವ ಹೊತ್ತು ರೈತನ ಪಾಲಿಗೆ ದುಡಿಮೆಯ ಹೊತ್ತಾಗಿರುತ್ತದೆ.

ಈ ಬೆಳಕಿನ ಸ್ವರೂಪಕ್ಕೆ ಭೌತಿಕ ಕಾರಣಗಳಿವೆ. ಸೂರ್ಯ ದಿಗಂತಕ್ಕೆ ಹತ್ತಿರವಿದ್ದಾಗ ಅದರ ಕಿರಣಗಳು ವಾತಾವರಣದಲ್ಲಿ ಹೆಚ್ಚು ದೂರ ಸಾಗಬೇಕಾಗುತ್ತದೆ. ನೀಲಿ ಚದುರಿ, ಹಳದಿ ಮತ್ತು ಕೆಂಪು ಉಳಿಯುತ್ತವೆ. ಅಡ್ಡಲಾಗಿ ಬೀಳುವ ಬೆಳಕು ಉಳುಮೆಯ ಸಾಲಿಗೂ ಬದುವಿಗೂ ಉದ್ದನೆಯ ನೆರಳನ್ನು ಕೊಡುತ್ತದೆ. ಇಲ್ಲಿ ಸ್ಥಳದ ಪ್ರಶ್ನೆಯೂ ಇದೆ. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಮೈಸೂರು ಸೀಮೆಯಲ್ಲಿ ಸೂರ್ಯ ಹುಟ್ಟಿದ ಮೊದಲ ಗಂಟೆಯಲ್ಲಿಯೇ ಹದಿಮೂರು ಹದಿನಾಲ್ಕು ಡಿಗ್ರಿಗಳಷ್ಟು ಮೇಲೇರುತ್ತಾನೆ. ಉತ್ತರ ಯುರೋಪಿನಲ್ಲಿ ಈ ಏರಿಕೆ ಬಹಳ ನಿಧಾನ. ಆದ್ದರಿಂದ ಅಲ್ಲಿ ಗಂಟೆಗಟ್ಟಲೆ ಉಳಿಯುವ ಮೆದುಬೆಳಕು ಇಲ್ಲಿ ಮಾರುದ್ದ ಹೊತ್ತು ಏರುವುದರೊಳಗೆ ಮುಗಿದುಹೋಗುತ್ತದೆ. ಹೊಲದಲ್ಲಿ ಮೊದಲೇ ನಿಂತಿದ್ದವನಿಗೆ ಮಾತ್ರ ಅದು ದಕ್ಕುತ್ತದೆ.

ಮೈಸೂರು ನಾಡಿನ ಛಾಯಾಗ್ರಹಣದ ಆರಂಭಕಾಲದಲ್ಲಿ ಹೊಲ ಮುಖ್ಯ ವಸ್ತುವಾಗಿರಲಿಲ್ಲ. 1854ರಲ್ಲಿ ಲಿನಿಯಸ್ ಟ್ರೈಪ್, 1856ರಲ್ಲಿ ರಿಚರ್ಡ್ ಬ್ಯಾನರ್ ಓಕ್ಲಿ ಹಳೇಬೀಡಿನ ಶಿಲ್ಪವನ್ನು ಚಿತ್ರೀಕರಿಸಿದರು. ಭಾರವಾದ ಸಲಕರಣೆ ಮತ್ತು ದೀರ್ಘಕಾಲದ ಬೆಳಕೊಡ್ಡುವಿಕೆ ಅನಿವಾರ್ಯವಾಗಿದ್ದ ಆ ದಿನಗಳಲ್ಲಿ ಅಲುಗದ ಕಲ್ಲು ಅನುಕೂಲದ ವಸ್ತುವಾಗಿತ್ತು. ಗಾಳಿಗೆ ತೂಗುವ ತೆನೆ, ನಡೆದಾಡುವ ಎತ್ತು, ಬಾಗಿ ಕಳೆ ಕೀಳುವ ಹೆಂಗಸು ಆ ಕ್ಯಾಮೆರಾಕ್ಕೆ ಸುಲಭವಾಗಿ ಒಗ್ಗುವಂತಿರಲಿಲ್ಲ. ಮುಂದೆ ಎಚ್.ವಿ. ನಂಜುಂಡಯ್ಯ ಮತ್ತು ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರಿನಲ್ಲಿ 1928ರಿಂದ 1935ರ ಅವಧಿಯಲ್ಲಿ ಪ್ರಕಟವಾದ ಮೈಸೂರಿನ ಬುಡಕಟ್ಟು ಹಾಗೂ ಜಾತಿಗಳ ಸಂಪುಟಗಳು ಜನರ ಚಿತ್ರಗಳನ್ನು ಒಳಗೊಂಡವು. ಜನಾಂಗಗಳನ್ನು ವರ್ಗೀಕರಿಸುವ ಅಂತಹ ಗ್ರಂಥಗಳಿಗೆ ಬೇಕಾದದ್ದು ಮುಖಲಕ್ಷಣ ಮತ್ತು ಉಡಿಗೆ ತೊಡಿಗೆ. ಆ ಜನ ಉಳುತ್ತಿದ್ದ ನೆಲವಲ್ಲ.

ಹಗುರವಾದ ಕ್ಯಾಮೆರಾಗಳು ಬಂದ ಮೇಲೆ ಹಳ್ಳಿಯ ದಾರಿ ತೆರೆಯಿತು. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟವೂ 1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿಯೂ ಸ್ಥಾಪನೆಗೊಂಡವು. ಒ.ಸಿ. ಎಡ್ವರ್ಡ್ಸ್, ಅವರ ಮಾರ್ಗದರ್ಶನದಲ್ಲಿ ಬೆಳೆದ ಟಿ.ಎನ್.ಎ. ಪೆರುಮಾಳ್, ಸಂಡೂರಿನ ಎಂ.ವೈ. ಘೋರ್ಪಡೆ ಮೊದಲಾದವರು ಕರ್ನಾಟಕದ ಛಾಯಾಗ್ರಹಣಕ್ಕೆ ಅಂತರರಾಷ್ಟ್ರೀಯ ಮನ್ನಣೆ ತಂದರು. ಇವರ ಖ್ಯಾತಿ ಮುಖ್ಯವಾಗಿ ವನ್ಯಜೀವಿ ಚಿತ್ರಗಳದಾದರೂ ಬೆಳಕನ್ನು ಕಾಯುವ ಶಿಸ್ತು ಆ ಕಾಲದ ಹವ್ಯಾಸಿಗಳೆಲ್ಲರ ಆಸ್ತಿಯಾಯಿತು. ಸ್ಪರ್ಧೆಯ ಸಲೂನುಗಳಲ್ಲಿ ಎದುರುಬಿಸಿಲಿನ ಧೂಳು, ಕುರಿಮಂದೆ, ಎತ್ತಿನ ಗಾಡಿ, ಮಂಜಿನ ನಡುವಣ ಮರ ಮತ್ತೆ ಮತ್ತೆ ಕಾಣಿಸಿಕೊಂಡವು. ಶೀರ್ಷಿಕೆಗಳು ಭಾವವನ್ನು ಹೇಳಿದವೇ ಹೊರತು ಊರನ್ನು ಹೇಳುವುದು ಅಪರೂಪವಾಯಿತು. ಇದಕ್ಕೆ ಪ್ರತಿಯಾದ ಹಾದಿಯೊಂದನ್ನು ಮೈಸೂರಿನವರೇ ಆದ ಟಿ.ಎಸ್. ಸತ್ಯನ್ (1923-2009) ತೋರಿದರು. ಸುದ್ದಿಚಿತ್ರಗಾರರಾಗಿ ಬೆಳೆದ ಅವರ ಗಮನವಿದ್ದದ್ದು ಸಾಮಾನ್ಯರ ನಿತ್ಯದ ಬದುಕಿನ ಮೇಲೆ. ಅವರ ಪಾಲಿಗೆ ಬೆಳಕು ಮನುಷ್ಯನನ್ನು ಕಾಣಿಸುವ ಸಾಧನ.

ಹೆಸರಿಲ್ಲದ ಚಿತ್ರದಲ್ಲಿ ಏನು ಕಳೆದುಹೋಗುತ್ತದೆ ಎಂಬುದಕ್ಕೆ ರಾವಂದೂರು ಸೀಮೆಯೇ ನಿದರ್ಶನ. ಇಬ್ಬನಿ ತೊಟ್ಟಿಕ್ಕುವ ಹೊಲದಲ್ಲಿ ಹುರುಳಿ ಕೀಳುವವರ ಸಾಲು ನೋಡುವವರಿಗೆ ರಮ್ಯವಾಗಿ ಕಾಣುತ್ತದೆ. ಅವರು ಆ ಹೊತ್ತಿನಲ್ಲಿ ಅಲ್ಲಿರುವುದಕ್ಕೆ ಕಾರಣ ಬೇರೆ. ಬಿಸಿಲೇರಿದರೆ ಒಣಗಿದ ಕಾಯಿ ಸಿಡಿದು ಕಾಳು ನೆಲದ ಪಾಲಾಗುತ್ತದೆ. ಇಬ್ಬನಿಯ ತೇವವಿರುವಾಗಲೇ ಕಿತ್ತು ಕಣಕ್ಕೆ ಸೇರಿಸಬೇಕು. ರಾಗಿಯ ಹೊಲದ ನಡುವೆ ಕಾಣುವ ಹಳದಿ ಹೂವಿನ ಗೆರೆ ಚಿತ್ರಗಾರನಿಗೆ ಬಣ್ಣದ ಅಂದ. ರೈತನಿಗೆ ಅದು ಅಕ್ಕಡಿ ಸಾಲಿನ ಹುಚ್ಚೆಳ್ಳು: ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಮನೆಯನ್ನು ಕಾಯಲೆಂದು ಹಾಕಿದ ಲೆಕ್ಕಾಚಾರ.

ಇನ್ನೂ ಗಂಭೀರವಾದ ಉದಾಹರಣೆ ಹೊಗೆಸೊಪ್ಪಿನದು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳು ವರ್ಜೀನಿಯಾ ತಂಬಾಕಿನ ನೆಲ. ತಂಬಾಕು ಮಂಡಳಿ 1976ರಲ್ಲಿ ಸ್ಥಾಪನೆಯಾಯಿತು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಪದ್ಧತಿ ಆರಂಭಗೊಂಡಿತು. ಮುಂಗಾರಿನಲ್ಲಿ ನೆಟ್ಟ ಸಸಿಯ ಎಲೆಗಳನ್ನು ಬುಡದಿಂದ ಮೇಲಕ್ಕೆ ಹಂತಹಂತವಾಗಿ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗಳಲ್ಲಿ ತೂಗುಹಾಕಿ, ಹಲವು ದಿನ ಹಗಲಿರುಳು ಸೌದೆ ಉರಿಸಿ ಹದಗೊಳಿಸುತ್ತಾರೆ. ಕಾವು ತಪ್ಪಿದರೆ ಎಲೆಯ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆ ಬೀಳುತ್ತದೆ. ಆದ್ದರಿಂದ ಮನೆಯವರು ಸರದಿಯಲ್ಲಿ ನಿದ್ದೆಗೆಡುತ್ತಾರೆ. ಶ್ರಾವಣ, ಭಾದ್ರಪದಗಳ ಬೆಳಗಿನಲ್ಲಿ ಈ ಸೀಮೆಯ ಊರುಗಳ ಮೇಲೆ ತೆಳ್ಳನೆಯ ಪರದೆಯೊಂದು ಕಂಡರೆ ಅದು ಮಂಜಷ್ಟೇ ಆಗಿರಬೇಕಾಗಿಲ್ಲ. ಬ್ಯಾರನ್‌ಗಳ ಹೊಗೆಯೂ ಆಗಿರಬಹುದು. ಮಾರ್ಗಶಿರ, ಪುಷ್ಯಗಳ ಪರದೆಯಾದರೆ ಚಳಿಗಾಲದ ಮಂಜೆನ್ನಬಹುದು. ತಿಂಗಳನ್ನೂ ಊರನ್ನೂ ಬರೆದಿಡದ ಚಿತ್ರದಲ್ಲಿ ಇವೆರಡನ್ನೂ ಬೇರ್ಪಡಿಸುವುದು ಕಷ್ಟ. ಒಂದು ಋತುವಿನ ಗುಣ. ಇನ್ನೊಂದರ ಹಿಂದೆ ಕಡಿದ ಮರವಿದೆ, ನಿದ್ದೆಗೆಟ್ಟ ಮನೆಯಿದೆ.

ಎಲೆಯ ಮೇಲಿನ ಇಬ್ಬನಿಯ ವಿಚಾರವೂ ಹೀಗೆಯೇ. ಎಳೆಬಿಸಿಲಿಗೆ ಹೊಳೆಯುವ ಆ ಹನಿಗಳು ಚಿತ್ರಕ್ಕೆ ಜೀವ ತುಂಬುತ್ತವೆ. ಆದರೆ ಒದ್ದೆಯಾದ ಹಸಿ ತಂಬಾಕಿನ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ದೇಹಕ್ಕಿಳಿದು ವಾಕರಿಕೆ, ವಾಂತಿ, ತಲೆಸುತ್ತುಗಳನ್ನು ಉಂಟುಮಾಡುತ್ತದೆಂಬುದನ್ನು ವೈದ್ಯವಿಜ್ಞಾನ ಗುರುತಿಸಿದೆ. ನೋಡುವ ಕಣ್ಣಿಗೆ ಮುತ್ತಿನಂತಹ ಹನಿ ಎಲೆ ಮುರಿಯುವ ಕೈಗೆ ವಿಷದ ವಾಹಕ.

ತಂಬಾಕು ನಿಯಂತ್ರಣದ ಜಾಗತಿಕ ಒಪ್ಪಂದವನ್ನು ಭಾರತ 2004ರಲ್ಲಿ ಅನುಮೋದಿಸಿತು. 2005ರಲ್ಲಿ ಅದು ಜಾರಿಗೆ ಬಂದಿತು. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯ ಒದಗಿಸಬೇಕೆಂಬ ಆಶಯವೂ ಅದರಲ್ಲಿದೆ. ಹೀಗಿರುವಾಗ ಯಾವ ಹೊಲದಲ್ಲಿ ಯಾವ ಕಾಲಕ್ಕೆ ಏನು ಬೆಳೆಯುತ್ತಿತ್ತು, ರಾಗಿಯ ಮೆದೆ ಎಲ್ಲಿ ನಿಂತಿತ್ತು, ಬ್ಯಾರನ್ ಯಾವಾಗ ಎದ್ದಿತು ಎಂಬುದಕ್ಕೆ ಛಾಯಾಚಿತ್ರಕ್ಕಿಂತ ನೇರವಾದ ಸಾಕ್ಷ್ಯ ದೊರೆಯುವುದು ಕಷ್ಟ. ಓರೆಬೆಳಕು ನೆಲದ ಪ್ರತಿ ಗೆರೆಯನ್ನೂ ಎತ್ತಿ ತೋರಿಸುವುದರಿಂದ ಮುಂಜಾವಿನ ಚಿತ್ರಕ್ಕೆ ಈ ದೃಷ್ಟಿಯಿಂದ ಹೆಚ್ಚಿನ ಬೆಲೆ.

ಆದ್ದರಿಂದ ಸಲೂನಿನ ಸೌಂದರ್ಯಪ್ರಜ್ಞೆಯನ್ನೂ ಜಾನಪದ ಕ್ಷೇತ್ರಕಾರ್ಯದ ಶಿಸ್ತನ್ನೂ ಒಂದಾಗಿಸುವುದು ಅಗತ್ಯ. ಚಿತ್ರದ ಬೆನ್ನಿಗೆ ಊರು, ತಿಂಗಳು, ಅಂದಿನ ಮಳೆನಕ್ಷತ್ರ, ಬೆಳೆ, ನಡೆಯುತ್ತಿದ್ದ ಕೆಲಸ ಮತ್ತು ಅದಕ್ಕೆ ಅಲ್ಲಿನ ಜನ ಹೇಳುವ ಹೆಸರು ಇಷ್ಟನ್ನು ಬರೆದಿಟ್ಟರೆ ಸಾಕು, ಅಂದದ ಚಿತ್ರ ಚರಿತ್ರೆಯ ಆಕರವಾಗುತ್ತದೆ. ಹಳ್ಳಿಗಾಡಿನಲ್ಲಿ ತೆಗೆದ ಹಳೆಯ ನೆಗೆಟಿವ್‌ಗಳು ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಬೂಸಲು ಹಿಡಿಯುತ್ತಿರುತ್ತವೆ. ಅವುಗಳಲ್ಲಿನ ಹೊಲವನ್ನು ನೋಡಿದೊಡನೆ ಗುರುತಿಸಬಲ್ಲ ಹಿರಿಯರು ಇರುವಾಗಲೇ ಆ ಕೆಲಸ ನಡೆಯಬೇಕು. ಎಳೆಬಿಸಿಲು ನಾಳೆಯೂ ಬೀಳುತ್ತದೆ. ಅದು ಬಿದ್ದಿದ್ದ ಅಕ್ಕಡಿ ಸಾಲನ್ನು ಹೆಸರಿಸುವವರು ನಾಳೆಯೂ ಇರುತ್ತಾರೆಂಬ ಭರವಸೆಯಿಲ್ಲ.