ಸೈಕಲ್ ಫೋರ್ಕಿನ ಬಾಗು

ಸೈಕಲ್ಲಿನ ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಕೆಳತುದಿಯಲ್ಲಿ ಮುಂದಕ್ಕೆ ಬಾಗಿರುವುದನ್ನು ನೀವು ನೋಡಿದ್ದೀರಿ. ಹ್ಯಾಂಡಲ್ ತಿರುಗುವ ಅಕ್ಷರೇಖೆಯನ್ನು ಮನಸ್ಸಿನಲ್ಲೇ ಕೆಳಕ್ಕೆ ಎಳೆಯಿರಿ. ಚಕ್ರದ ಅಚ್ಚು ಆ ರೇಖೆಯ ಮೇಲಿರದೆ ಕೆಲವು ಸೆಂಟಿಮೀಟರ್ ಮುಂದಿರುತ್ತದೆ. ರೇಖೆಯಿಂದ ಅಚ್ಚಿಗಿರುವ ಲಂಬ ದೂರವೇ ‘ರೇಕ್’. ಅದೇ ರೇಖೆ ನೆಲವನ್ನು ಸೇರುವ ಬಿಂದು, ಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. ಈ ಅಂತರ ‘ಟ್ರೇಲ್’. ರೇಕ್ ಹೆಚ್ಚಿದಷ್ಟೂ ಟ್ರೇಲ್ ಕಡಿಮೆ.

2006-07ರಲ್ಲಿ ರಾಜ್ಯ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡತೊಡಗಿದ ಮೇಲೆ ಸುರಪುರದ ಸುತ್ತಿನ ಹಳ್ಳಿಯ ಶಾಲೆಗಳಿಗೂ ಭೌತವಿಜ್ಞಾನದ ಒಂದು ಒಳ್ಳೆಯ ಉಪಕರಣ ಬಂದಂತಾಯಿತು. ಆದರೆ ಓಡುವ ಸೈಕಲ್ ಏಕೆ ಬೀಳುವುದಿಲ್ಲ ಎಂದು ತರಗತಿಯಲ್ಲಿ ಕೇಳಿ ನೋಡಿ. ತಿರುಗುವ ಚಕ್ರಗಳ ಗೈರೊಸ್ಕೋಪ್ ಪರಿಣಾಮ ಎಂಬ ಸಿದ್ಧ ಉತ್ತರ ಬರುತ್ತದೆ. ಇದು ಎಷ್ಟು ಸರಿ?

1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ‘ರೋವರ್’ ಸೈಕಲ್ ತಯಾರಿಸಿದಾಗ ಅದಕ್ಕೆ ಸಮೀಕರಣಗಳ ಆಧಾರವಿರಲಿಲ್ಲ. ಫೋರ್ಕಿನ ಓರೆಯೂ ಬಾಗೂ ಕಾರ್ಖಾನೆಯ ಅನುಭವದಿಂದ ನೆಲೆಗೊಂಡವು. ಗಣಿತ ಬಂದದ್ದು ಆಮೇಲೆ. 1899ರಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿ ಫ್ರಾನ್ಸಿಸ್ ವ್ಹಿಪಲ್ ಸೈಕಲ್ಲಿನ ಚಲನೆಯ ಸಮೀಕರಣಗಳನ್ನು ಬರೆದ. 1910ರಲ್ಲಿ ಕ್ಲೈನ್ ಮತ್ತು ಸೊಮರ್‌ಫೆಲ್ಡ್ ಅವರ ಗ್ರಂಥ ಗೈರೊಸ್ಕೋಪ್ ಪರಿಣಾಮಕ್ಕೆ ಪ್ರಮುಖ ಸ್ಥಾನ ಕೊಟ್ಟಿತು.

ಡೇವಿಡ್ ಜೋನ್ಸ್ ಓಡಿಸಲಾಗದ ಸೈಕಲ್ಲನ್ನೇ ಕಟ್ಟಲು ಹೊರಟು, ಫಲಿತಾಂಶವನ್ನು 1970ರಲ್ಲಿ ಪ್ರಕಟಿಸಿದರು. ವಿರುದ್ಧ ದಿಕ್ಕಿಗೆ ತಿರುಗುವ ಹೆಚ್ಚುವರಿ ಚಕ್ರ ಜೋಡಿಸಿ ಗೈರೊಸ್ಕೋಪ್ ಪರಿಣಾಮವನ್ನು ರದ್ದು ಮಾಡಿದರೂ ಸೈಕಲ್ ಸಲೀಸಾಗಿ ಓಡಿತು! ಮುಂಚಕ್ರವನ್ನು ನಾಲ್ಕು ಅಂಗುಲ ಮುಂದಕ್ಕೆ ಸರಿಸಿದಾಗ ಮಾತ್ರ ಹತೋಟಿ ಕಷ್ಟವಾಯಿತು. ಹಾಗಾದರೆ ಟ್ರೇಲ್ ಒಂದೇ ಕಾರಣವೆ? ಅದೂ ಅಲ್ಲ. ಗೈರೊಸ್ಕೋಪ್ ಪರಿಣಾಮವೂ ಇಲ್ಲದ, ಟ್ರೇಲ್ ಋಣಾತ್ಮಕವಾಗಿರುವ ಒಂದು ಯಂತ್ರ ಸವಾರನಿಲ್ಲದೆ ನೆಟ್ಟಗೆ ಓಡುವುದನ್ನು ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ತಂಡ 2011ರಲ್ಲಿ ತೋರಿಸಿತು. ದ್ರವ್ಯರಾಶಿಯ ಹಂಚಿಕೆಯೂ ಲೆಕ್ಕಕ್ಕೆ ಬರುತ್ತದೆ.

ಮನೆಯಲ್ಲಿ ರೇಕ್ ಅಳೆಯುವುದು ಹೇಗೆ? ಅಕ್ಷರೇಖೆಯನ್ನು ಸ್ಕೇಲಿನಿಂದ ಕೆಳಗೆ ಬೆಳೆಸುವುದು ಸಾಮಾನ್ಯ ಕ್ರಮ. ಆದರೆ ಹ್ಯಾಂಡಲ್ ಕೂರುವ ಕೊಳವೆ ಗಿಡ್ಡ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅಚ್ಚಿನ ಬಳಿ ಮೂರು ಮಿಲಿಮೀಟರ್ ತಪ್ಪುತ್ತದೆ. ನನಗೆ ಮೆಚ್ಚುಗೆಯಾದ ಉಪಾಯ ಬೇರೆ. ಮುಂಚಕ್ರ ಕಳಚಿ, ಸೈಕಲ್ಲನ್ನು ಗೋಡೆಗೆ ಸಮಾಂತರವಾಗಿ ಅಲುಗದಂತೆ ಕಟ್ಟಿ. ಅಚ್ಚು ಕೂರುವ ಎರಡೂ ಸೀಳುಗಳ ಮೂಲಕ ನೇರವಾದ ಸಲಾಕೆ ತೂರಿಸಿ, ಅದು ಗೋಡೆಗೆ ಲಂಬವಾಗಿರುವಾಗ ತುದಿ ಮುಟ್ಟುವ ಜಾಗವನ್ನು ಗುರುತಿಸಿ. ಹ್ಯಾಂಡಲ್ಲನ್ನು ಅರ್ಧ ಸುತ್ತು ತಿರುಗಿಸಿ (ಬ್ರೇಕಿನ ಕಡ್ಡಿ ಅಡ್ಡಬಂದರೆ ಕಳಚಿ) ಮತ್ತೆ ಗುರುತಿಸಿ. ಅಚ್ಚು ಅಕ್ಷದ ಈ ಬದಿಯಿಂದ ಆ ಬದಿಗೆ ಹೋಗಿರುವುದರಿಂದ ಎರಡು ಗುರುತುಗಳ ಅಂತರದ ಅರ್ಧವೇ ರೇಕ್. ಅಕ್ಷವನ್ನು ಹುಡುಕುವ ಗೋಜೇ ಇಲ್ಲ.

ಚಕ್ರದ ತ್ರಿಜ್ಯ 355 ಮಿ.ಮೀ., ಅಕ್ಷ ನೆಲದೊಂದಿಗೆ ಮಾಡುವ ಕೋನ 68 ಡಿಗ್ರಿ, ರೇಕ್ 70 ಮಿ.ಮೀ. ಎಂದುಕೊಳ್ಳಿ. ತ್ರಿಜ್ಯವನ್ನು ಕೋನದ ಕೊಸೈನ್‌ನಿಂದ ಗುಣಿಸಿ, ರೇಕ್ ಕಳೆದು, ಸೈನ್‌ನಿಂದ ಭಾಗಿಸಿದರೆ ಟ್ರೇಲ್ ಸುಮಾರು 68 ಮಿ.ಮೀ. ಬರುತ್ತದೆ. ಎದುರಿನಿಂದ ಡಿಕ್ಕಿಯಾಗಿ ಫೋರ್ಕ್ ಹಿಂದಕ್ಕೆ ಬಾಗಿ ರೇಕ್ 50ಕ್ಕೆ ಇಳಿದರೆ ಟ್ರೇಲ್ ಸುಮಾರು 90 ಆಗುತ್ತದೆ, ಹ್ಯಾಂಡಲಿನ ವರ್ತನೆಯೇ ಬದಲಾಗುತ್ತದೆ. ಬಾಗಿದ ಫೋರ್ಕನ್ನು ಬಡಿದು ನೇರ ಮಾಡಿಸಿದ ಮೇಲೆ ಗುಡ್ಡದ ಇಳಿಜಾರಿಗೆ ಹೋಗುವ ಮುನ್ನ ಈ ಅಳತೆ ಮಾಡಿ. ಹ್ಯಾಂಡಲ್ ನೇರವಿದ್ದರೂ ಸಲಾಕೆ ಓರೆಯಾಗಿ ನಿಂತರೆ ಫೋರ್ಕಿನ ಒಂದು ಕಾಲು ಇನ್ನೊಂದಕ್ಕಿಂತ ಹೆಚ್ಚು ಬಾಗಿದೆ ಎಂದು ಅರ್ಥ. ಅಂಥ ಫೋರ್ಕ್ ಬದಲಿಸುವುದೇ ಲೇಸು.