ಸಹಿ ಯಾರದು?

1997ರ ಮಳೆಗಾಲದಲ್ಲಿ ನನ್ನ ಗರ್ಭಕೋಶದ ಆಪರೇಷನ್ ಆಯಿತು. ಗಡ್ಡೆ ಬೆಳೆದಿತ್ತು. ತಿಂಗಳಲ್ಲಿ ಹದಿನೈದು ದಿನ ರಕ್ತ ಹೋಗಿ ಮೆಟ್ಟಿಲು ಹತ್ತುವುದಕ್ಕೂ ತ್ರಾಣವಿರಲಿಲ್ಲ. ಡಾಕ್ಟರು ಒಳ್ಳೆಯವರು, ಆಪರೇಷನ್ನೂ ಚೆನ್ನಾಗಿಯೇ ಆಯಿತು. ಆದರೂ ಆ ದಿನಗಳನ್ನು ನೆನೆದಾಗ ಮೊದಲು ಕಣ್ಣ ಮುಂದೆ ಬರುವುದು ಹಿಂದಿನ ಸಂಜೆ ಕೌಂಟರಿನಲ್ಲಿ ನೋಡಿದ ಒಂದು ಕಾಗದ.

ಕೌಂಟರಿನ ಹುಡುಗಿ ನನ್ನನ್ನು ನೋಡಿ, "ಅಕ್ಕಾರ, ಮನಿಯವರು ಎಲ್ಲದಾರ್ರಿ? ಸಹಿ ಬೇಕಾಗೇತ್ರಿ" ಅಂದಳು. ಮನೆಯವರು ಔಷಧಿ ಅಂಗಡಿಗೆ ಹೋಗಿದ್ದರು. ಅವರು ಬರುವವರೆಗೆ ನಾನು ಬೆಂಚಿನ ಮೇಲೆ ಕೂತೆ, ಕಾಗದ ಅವಳ ಮೇಜಿನ ಮೇಲೆ ಕೂತಿತು. ಅವರು ಬಂದರು. ಕನ್ನಡಕ ಮನೆಯಲ್ಲೇ ಮರೆತಿದ್ದರು. ಹುಡುಗಿ ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿ, "ಆತಲ್ಲ?" ಎಂದು ಕೇಳಿದರು. ಆಯಿತು.

ಆ ಹೊತ್ತಿಗೆ ನಾನು ಒಂದು ಕಾನೂನು ಕಾಲೇಜಿನಲ್ಲಿ ಹನ್ನೆರಡು ವರ್ಷದಿಂದ ಪಾಠ ಹೇಳುತ್ತಿದ್ದೆ. 1872ರ ಕರಾರು ಕಾಯಿದೆಯನ್ನು ಎಷ್ಟು ಬ್ಯಾಚುಗಳಿಗೆ ಉರು ಹೊಡೆಸಿದ್ದೆನೋ! ಪ್ರಾಯಕ್ಕೆ ಬಂದ, ಬುದ್ಧಿ ಸ್ವಸ್ಥವಾಗಿರುವ ವ್ಯಕ್ತಿ ತನ್ನ ಒಪ್ಪಿಗೆಯನ್ನು ತಾನೇ ಕೊಡಬಲ್ಲ ಎಂಬುದು ಅದರ ಮೊದಲ ಪಾಠಗಳಲ್ಲೊಂದು. ನಾಲ್ವತ್ತು ದಾಟಿದ್ದ ನಾನು, ಬುದ್ಧಿ ಸ್ವಸ್ಥವಾಗಿಯೇ ಇದ್ದ ನಾನು, ಬೆಂಚಿನ ಮೇಲೆ ಸುಮ್ಮನೆ ಕೂತಿದ್ದೆ. ಸಿಟ್ಟು ಬಂತು ಅಂದರೆ ಸುಳ್ಳಾಗುತ್ತದೆ. ಆಗ ಏನೂ ಅನ್ನಿಸಲೇ ಇಲ್ಲ. ಯಾಕೆ ಅನ್ನಿಸಲಿಲ್ಲ ಎಂಬ ಪ್ರಶ್ನೆ ಆಮೇಲೆ ವರ್ಷಗಟ್ಟಲೆ ಕಾಡಿತು. ಉತ್ತರ ಹುಡುಕುತ್ತ ಹೋದರೆ ಅದು ನಮ್ಮ ಪಠ್ಯಪುಸ್ತಕಗಳ ಕಡೆಗೇ ಕರೆದುಕೊಂಡು ಹೋಯಿತು.

ವಕೀಲರಾಗುವವರಿಗೆ ವೈದ್ಯದ ಪರಿಚಯ ಮಾಡಿಸುತ್ತಿದ್ದ ವಿಷಯಕ್ಕೆ ಆಗ ಮೆಡಿಕಲ್ ಜೂರಿಸ್‌ಪ್ರುಡೆನ್ಸ್ ಅನ್ನುತ್ತಿದ್ದೆವು. ನಮ್ಮ ದೇಶದಲ್ಲಿ ಅದರ ಮೂಲಗ್ರಂಥಗಳಲ್ಲೊಂದು ನಾರ್ಮನ್ ಚೀವರ್ಸ್ ಎಂಬ ಇಂಗ್ಲಿಷ್ ವೈದ್ಯ ಬಂಗಾಳದ ಅಧಿಕಾರಿಗಳಿಗಾಗಿ 1856ರಲ್ಲಿ ಬರೆದ ಕೈಪಿಡಿ. ಆಮೇಲೆ 1920ರಲ್ಲಿ ಜೈಸಿಂಗ್ ಮೋದಿಯವರ ಪುಸ್ತಕ ಬಂತು. ವಕೀಲರ ಮನೆಯ ಕಪಾಟಿನಲ್ಲಿ ದಪ್ಪಗೆ ಕೂತಿರುತ್ತದಲ್ಲ, ಅದೇ 'ಮೋದಿ'. ವಿಷಗಳು, ಗಾಯಗಳು, ನೇಣು, ನೀರಿನಲ್ಲಿ ಮುಳುಗಿದ ದೇಹ, ಸತ್ತು ಎಷ್ಟು ಹೊತ್ತಾಯಿತು ಎಂಬ ಲೆಕ್ಕ. ಪುಸ್ತಕ ತೆರೆದರೆ ಹೆಣಗಳ ಮೆರವಣಿಗೆ. ಬದುಕಿರುವ ರೋಗಿಗೆ ಅಲ್ಲಿ ಜಾಗ ಬಹಳ ಕಡಿಮೆ. ಬದುಕಿರುವ ಹೆಂಗಸು ಬಂದರೂ ಹೆಚ್ಚಾಗಿ ಸಾಕ್ಷ್ಯವಾಗಿ ಬರುತ್ತಿದ್ದಳು: ಅವಳ ಮೈಯಲ್ಲಿ ಗಾಯವಿದೆಯೋ ಇಲ್ಲವೋ, ಅವಳು ಹೇಳಿದ್ದು ನಿಜವೋ ಸುಳ್ಳೋ. ಇದು ನಮ್ಮಲ್ಲಿ ಮಾತ್ರ ಅಲ್ಲ ಅನ್ನಿ. ಅಮೆರಿಕದ ಕ್ಲೀವ್‌ಲ್ಯಾಂಡಿನ ವಿಶ್ವವಿದ್ಯಾಲಯದಲ್ಲಿ 1953ರಲ್ಲಿ ಕಾನೂನು ಮತ್ತು ವೈದ್ಯವನ್ನು ಒಟ್ಟಿಗೆ ಕಲಿಸುವ ಕೇಂದ್ರ ತೆರೆದರು. ಅಲ್ಲೂ ಮೊದಲ ಗಮನ ಅಪರಾಧ ತನಿಖೆಯ ವೈದ್ಯದ ಮೇಲೆಯೇ.

ಹೀಗೆ ಕಲಿತದ್ದು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಮಥುರಾ ಪ್ರಕರಣ ಒಂದು ಸಾಕು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯೊಳಗೆ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತೆಂಬ ದೂರು. 1978ರಲ್ಲಿ ಸುಪ್ರೀಂ ಕೋರ್ಟು ಇಬ್ಬರು ಪೊಲೀಸರನ್ನೂ ಬಿಟ್ಟಿತು. ಮೈಮೇಲೆ ಗಾಯವಿಲ್ಲ, ಕೂಗಿಕೊಂಡಿಲ್ಲ, ಹಾಗಾದರೆ ಒಪ್ಪಿಗೆ ಇದ್ದಿರಬೇಕು ಎಂಬ ತರ್ಕ. ಅವಳಿಗೆ ಮೊದಲೇ 'ಅಭ್ಯಾಸ'ವಿತ್ತೆಂಬ ವೈದ್ಯರ ಮಾತೂ ಆ ಕಡತದಲ್ಲಿತ್ತು. ಮರುವರ್ಷ ನಾಲ್ಕು ಜನ ಸೇರಿ ಮುಖ್ಯ ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು: ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್. ನಾಲ್ವರೂ ಕಾನೂನು ಮೇಷ್ಟ್ರುಗಳು. ಸುಮ್ಮನಿರುವುದು ಒಪ್ಪಿಗೆಯಲ್ಲ, ಎದುರಾಡದೆ ತಲೆಬಾಗುವುದೂ ಒಪ್ಪಿಗೆಯಲ್ಲ ಎಂದು ದೇಶದ ಅತಿ ದೊಡ್ಡ ಕೋರ್ಟಿಗೆ ಅವರು ಪಾಠ ಹೇಳಬೇಕಾಯಿತು. ದೇಶದ ತುಂಬ ಹೆಂಗಸರು ಬೀದಿಗಿಳಿದರು, 1983ರಲ್ಲಿ ಕಾಯಿದೆ ಬದಲಾಯಿತು. ಪಠ್ಯ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. 'ಅಭ್ಯಾಸ'ವನ್ನು ಪತ್ತೆ ಮಾಡುವ ಆ ಎರಡು ಬೆರಳಿನ ಪರೀಕ್ಷೆ ಹೆಣ್ಣಿನ ಘನತೆಗೆ ಧಕ್ಕೆ ಎಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿತು. ಆದರೂ ನಿಲ್ಲಲಿಲ್ಲವೆಂದು 2022ರಲ್ಲಿ ಮತ್ತೆ ಹೇಳಿ, ವೈದ್ಯಕೀಯ ಕಾಲೇಜುಗಳ ಪಠ್ಯಕ್ರಮವನ್ನೇ ತಿದ್ದಿ ನೋಡಬೇಕೆಂದು ಆದೇಶಿಸಿತು. ಒಂದು ತಪ್ಪು ಪಾಠ ಅಳಿಸಿಹೋಗಲು ಎಷ್ಟು ತಲೆಮಾರು ಬೇಕು ನೋಡಿ.

ಆ ಪತ್ರವನ್ನು ನಾನು ತರಗತಿಯಲ್ಲಿ ಓದಿ ಹೇಳುತ್ತಿದ್ದೆ, ಗಂಟಲು ಕಟ್ಟುತ್ತಿತ್ತು. ಆದರೆ ಒಪ್ಪಿಗೆ ಎಂಬ ಅದೇ ಮಾತು ಆಸ್ಪತ್ರೆಯ ಬೆಂಚಿಗೂ ಅನ್ವಯಿಸುತ್ತದೆಂದು ನನಗೇ ಹೊಳೆದಿರಲಿಲ್ಲ.

ಕಾನೂನು ಶಿಕ್ಷಣದಲ್ಲಿ ಕ್ಲಿನಿಕ್ ಎಂಬ ಪದವೊಂದಿದೆ. ಅದು ವೈದ್ಯರಿಂದಲೇ ಸಾಲ ತಂದದ್ದು. ಅಮೆರಿಕದ ಜೆರೋಮ್ ಫ್ರಾಂಕ್ 1933ರಲ್ಲಿ ಒಂದು ಲೇಖನ ಬರೆದು, ವೈದ್ಯ ವಿದ್ಯಾರ್ಥಿ ರೋಗಿಯ ಹಾಸಿಗೆಯ ಪಕ್ಕ ನಿಂತು ಕಲಿಯುವಾಗ ಕಾನೂನು ವಿದ್ಯಾರ್ಥಿ ಮಾತ್ರ ಗ್ರಂಥಾಲಯದಲ್ಲಿ ಕೂತು ಕಲಿಯುವುದು ಯಾಕೆ ಎಂದು ಕೇಳಿದ. ನಮ್ಮಲ್ಲಿ ಈ ಮಾತನ್ನು ಹಟ ಹಿಡಿದು ನಡೆಸಿದವರು ಎನ್.ಆರ್. ಮಾಧವ ಮೆನನ್. ಅವರು ಕಟ್ಟಿದ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಐದು ವರ್ಷದ ಪಾಠ ಶುರುವಾಯಿತು. ವೈದ್ಯಕೀಯ ಕಾನೂನು ಮತ್ತು ನೀತಿಯ ಬಗ್ಗೆ ಮನೆಯಲ್ಲೇ ಕೂತು ಓದುವ ಡಿಪ್ಲೊಮಾವನ್ನೂ ಮುಂದೆ ಅದೇ ಸಂಸ್ಥೆ ತೆರೆಯಿತು. 1998ರ ಹೊತ್ತಿಗೆ ಬಾರ್ ಕೌನ್ಸಿಲ್ ಎಲ್ಲ ಕಾಲೇಜುಗಳಿಗೂ ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿತು. ಜಿಲ್ಲಾ ಊರುಗಳ ನಮ್ಮಂಥ ಕಾಲೇಜುಗಳಲ್ಲಿ ಅದು ಏನಾಯಿತು ಅಂತೀರಾ? ಒಂದು ಹಳ್ಳಿ, ಒಂದು ಶಾಮಿಯಾನ, ಒಂದು ಮೈಕು, ಮುಖ್ಯ ಅತಿಥಿಗಳಿಗೆ ಹಾರ, ಗುಂಪಿನ ಫೋಟೊ. ಮಧ್ಯಾಹ್ನ ಉಪ್ಪಿಟ್ಟು ತಿಂದು ಬಸ್ಸು ಹತ್ತುವುದು. ನಾನೂ ಎಷ್ಟೋ ಬಾರಿ ಹಾರ ಹಾಕಿದ್ದೇನೆ.

ಬದುಕಿರುವ ರೋಗಿ ನಮ್ಮ ತರಗತಿಯೊಳಗೆ ಬಂದದ್ದು ಕೋರ್ಟಿನ ದಾರಿಯಿಂದ. ಪೊಲೀಸ್ ಕೇಸಿನ ಭಯಕ್ಕೆ ಗಾಯಾಳುವನ್ನು ಹಿಂದಕ್ಕೆ ಕಳಿಸಕೂಡದು, ಮೊದಲು ಜೀವ ಉಳಿಸಬೇಕು ಎಂದು 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದ ತೀರ್ಪು ಬಂತು. 1995ರಲ್ಲಿ ವೈದ್ಯರ ಸೇವೆ ಗ್ರಾಹಕ ಕಾನೂನಿನೊಳಗೆ ಬಂತು. ಆಗ ಡಾಕ್ಟರುಗಳೆಲ್ಲ ಕೆರಳಿದ್ದು, ನಮ್ಮ ಹುಡುಗರೆಲ್ಲ ಇನ್ನು ಕೇಸೇ ಕೇಸು ಎಂದು ಹಿಗ್ಗಿದ್ದು ನೆನಪಿದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ತೀರ್ಪು 2008ರ ಜನವರಿಯದು. ದೆಹಲಿಯ ಸಮೀರಾ ಕೊಹ್ಲಿ ಪ್ರಕರಣ. ನಲವತ್ನಾಲ್ಕು ವರ್ಷದ ಅವಿವಾಹಿತೆ ಆಕೆ. 1995ರ ಮೇ ತಿಂಗಳಲ್ಲಿ ಮುಟ್ಟು ನಿಲ್ಲುತ್ತಿಲ್ಲವೆಂದು ಕ್ಲಿನಿಕ್ಕಿಗೆ ಹೋದರು. ಪ್ರಜ್ಞೆ ತಪ್ಪಿಸಿ ದುರ್ಬೀನು ಹಾಕಿ ನೋಡುವ ತಪಾಸಣೆಗೆ ಒಪ್ಪಿದರು. ಅವರು ಪ್ರಜ್ಞೆಯಿಲ್ಲದೆ ಮಲಗಿದ್ದಾಗ ಸಹಾಯಕಿ ಹೊರಗೆ ಬಂದು, ಕಾಯುತ್ತಿದ್ದ ವಯಸ್ಸಾದ ತಾಯಿಯ ಒಪ್ಪಿಗೆ ಪಡೆದರು. ಗರ್ಭಕೋಶ, ಅಂಡಾಶಯ, ನಾಳಗಳು, ಎಲ್ಲವನ್ನೂ ತೆಗೆದರು. ಆಕೆ ಎದ್ದಾಗ ಆಗಬೇಕಾದ್ದೆಲ್ಲ ಆಗಿಹೋಗಿತ್ತು. ರಾಷ್ಟ್ರೀಯ ಗ್ರಾಹಕ ಆಯೋಗದಲ್ಲಿ ಸೋತರು, ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬರೆದವರು ನಮ್ಮ ಕರ್ನಾಟಕ ಹೈಕೋರ್ಟಿನಿಂದ ಮೇಲೆ ಹೋದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ತಪಾಸಣೆಗೆ ಕೊಟ್ಟ ಒಪ್ಪಿಗೆ ಶಸ್ತ್ರಚಿಕಿತ್ಸೆಗೆ ಒಪ್ಪಿಗೆಯಲ್ಲ. ಜೀವಕ್ಕೆ ತಕ್ಷಣದ ಅಪಾಯವಿಲ್ಲದಿದ್ದರೆ ಆಕೆಗೆ ಎಚ್ಚರವಾಗುವವರೆಗೆ ಕಾಯಬೇಕಿತ್ತು. ಪ್ರಾಯಕ್ಕೆ ಬಂದ ಮಗಳ ಪರವಾಗಿ ತಾಯಿ ಒಪ್ಪಿಗೆ ಕೊಡಲು ಬರುವುದಿಲ್ಲ. ಇಷ್ಟು ಅದರ ಸಾರ. ಆಕೆ ಕೇಳಿದ್ದು 25 ಲಕ್ಷ ರೂಪಾಯಿ ಪರಿಹಾರ, ಸಿಕ್ಕಿದ್ದು 25 ಸಾವಿರ. ವೈದ್ಯರಿಗೆ ಫೀಸು ದಕ್ಕಲಿಲ್ಲ ಅನ್ನುವುದೊಂದು ಸಮಾಧಾನ.

ಓದಿ ಮುಗಿಸಿ ಬಹಳ ಹೊತ್ತು ಸುಮ್ಮನೆ ಕೂತೆ. ತಾಯಿಗೇ ಆ ಅಧಿಕಾರವಿಲ್ಲ ಎಂದ ಮೇಲೆ ಕನ್ನಡಕ ಮರೆತು ಬಂದ ಗಂಡನಿಗೆ? ಮನೆಯವರಿಗೆ ಹೇಳಿದೆ. ಅವರು ಪೇಪರು ಮಡಚಿಟ್ಟು, "ನೀನರ ಆಗ ಹೇಳಬೇಕಿತ್ತಲ್ಲ" ಅಂದರು. ಹೌದು, ಹೇಳಬೇಕಿತ್ತು.

ತನ್ನ ಸಹಿ ತಾನು ಹಾಕಲು ಆಗದವಳ ಕಥೆ ಇನ್ನೂ ಕಠಿಣ. ಉತ್ತರ ಕನ್ನಡದ ಹಳದೀಪುರದಿಂದ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಗೆ ನರ್ಸಾಗಿ ಹೋದ ಅರುಣಾ ಶಾನಭಾಗರನ್ನು ನಮ್ಮ ಕಡೆಯ ಯಾರು ಮರೆತಾರು? 1973ರ ನವೆಂಬರಿನಲ್ಲಿ ಆಸ್ಪತ್ರೆಯ ಒಬ್ಬ ಕೆಲಸಗಾರ ಆಕೆಯ ಕತ್ತಿಗೆ ನಾಯಿಯ ಸರಪಳಿ ಬಿಗಿದ. ಆಮೇಲೆ ಆಕೆ 42 ವರ್ಷ ಮಲಗಿದಲ್ಲೇ ಉಳಿದರು. ಆಕೆಗೆ ಮುಕ್ತಿ ಕೊಡಿ ಎಂದು ಒಬ್ಬ ಲೇಖಕಿ ಕೋರ್ಟಿಗೆ ಹೋದರೆ, ಸ್ನಾನ ಮಾಡಿಸಿ ತುತ್ತು ತಿನ್ನಿಸಿದ ನರ್ಸುಗಳು ಬೇಡ ಎಂದರು. ಆಕೆಯ ಪರವಾಗಿ ಮಾತಾಡುವ ಹಕ್ಕು ಆ ಆಸ್ಪತ್ರೆಯ ಸಿಬ್ಬಂದಿಯದು ಎಂದು 2011ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. 2015ರಲ್ಲಿ ಆಕೆ ತೀರಿಕೊಂಡರು. ಪ್ರಜ್ಞೆ ಇರುವಾಗಲೇ ತನ್ನ ಇಚ್ಛೆಯನ್ನು ಬರೆದಿಡುವ ಹಕ್ಕನ್ನು 2018ರಲ್ಲಿ ಅದೇ ಕೋರ್ಟು ಮಾನ್ಯ ಮಾಡಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ನಮ್ಮ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಹೊರಡಿಸಿತು. ಇಂಥ ಕಾಗದವನ್ನು ತಿಳಿಗನ್ನಡದಲ್ಲಿ ಬರೆದುಕೊಡಬಲ್ಲ ವಕೀಲೆ ನಿಮ್ಮ ಊರಿನಲ್ಲಿ ಎಷ್ಟು ಜನ ಇದ್ದಾರೆ? ನನ್ನ ಊರಲ್ಲಿ ಹುಡುಕಿದರೆ ಒಬ್ಬಿಬ್ಬರು ಸಿಕ್ಕಾರು.

ಆರೋಗ್ಯದ ವಕೀಲಿ ಅಂದರೆ ಡಾಕ್ಟರ ಮೇಲೆ ಕೇಸು ಹಾಕುವುದು ಎಂದೇ ನಮ್ಮ ಹುಡುಗರು ತಿಳಿದಿದ್ದರು. ಬಿಹಾರದ ಅರರಿಯಾ ಜಿಲ್ಲೆಯಲ್ಲಿ 2012ರ ಜನವರಿಯ ಒಂದು ರಾತ್ರಿ, ಶಾಲೆಯೊಂದರಲ್ಲಿ, ಎರಡು ಗಂಟೆಯಲ್ಲಿ 53 ಹೆಂಗಸರಿಗೆ ಸಂತಾನಹರಣ ಚಿಕಿತ್ಸೆ ಮಾಡಿದರು. ದೇವಿಕಾ ಬಿಸ್ವಾಸ್ ಎಂಬ ಕಾರ್ಯಕರ್ತೆ ಕೋರ್ಟಿಗೆ ಹೋದರು. 2016ರ ತೀರ್ಪು ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಿ ಎಂದಿತು. ಜೊತೆಗೆ, ಹೆಂಗಸಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿ ಎಂದಿತು. ನಮ್ಮ ಕಲಬುರಗಿಯ ತಾಂಡಾಗಳ ಲಂಬಾಣಿ ಮತ್ತು ದಲಿತ ಹೆಣ್ಣುಮಕ್ಕಳು ಬೇಡದ ಗರ್ಭಕೋಶದ ಆಪರೇಷನ್ನುಗಳ ವಿರುದ್ಧ 2017ರಲ್ಲಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಕೂತರು. ಇಂಥದ್ದೇ ಆಪರೇಷನ್ನುಗಳ ಬಗ್ಗೆ ನರೇಂದ್ರ ಗುಪ್ತಾ ಎಂಬ ವೈದ್ಯರು 2013ರಲ್ಲಿ ಹಾಕಿದ್ದ ಅರ್ಜಿಯ ಮೇಲೆ, ರಾಜ್ಯಗಳು ಮಾರ್ಗಸೂಚಿ ಪಾಲಿಸಬೇಕೆಂದು 2023ರಲ್ಲಿ ಆದೇಶ ಬಂತು. ಇಲ್ಲೆಲ್ಲ ಒಬ್ಬ ಡಾಕ್ಟರ ಮೇಲಿನ ದಾವೆ ಸಾಲದು. ಸರ್ಕಾರಿ ಆದೇಶ ಓದಲು ಬರಬೇಕು, ಕೇಸ್ ಶೀಟು ಓದಲು ಬರಬೇಕು, ನಿಯಮದ ಕರಡು ಬರೆಯಲು ಬರಬೇಕು. 2017ರ ನವೆಂಬರಿನಲ್ಲಿ ಖಾಸಗಿ ಆಸ್ಪತ್ರೆಗಳ ಕಾಯಿದೆ ತಿದ್ದುಪಡಿಗೆ ಡಾಕ್ಟರುಗಳು ಮುಷ್ಕರ ಹೂಡಿದಾಗ ಊರೆಲ್ಲ ದರ ಮತ್ತು ಜೈಲಿನ ಮಾತು. ಅದರಲ್ಲಿದ್ದ ರೋಗಿಗಳ ಹಕ್ಕುಗಳ ಪಟ್ಟಿಯನ್ನು ತೆರೆದು ಓದಿದವರನ್ನು ನಾನು ಹೆಚ್ಚು ಕಾಣಲಿಲ್ಲ.

ಸಮೀರಾ ಕೊಹ್ಲಿ ತೀರ್ಪು ಬಂದ ಮರುವರ್ಷ ನಾನು ಹಳ್ಳಿ ಶಿಬಿರ ಕೈಬಿಟ್ಟೆ. ಹನ್ನೊಂದು ವಿದ್ಯಾರ್ಥಿಗಳನ್ನು ಆಸ್ಪತ್ರೆಗಳಿಗೆ ಕಳಿಸಿ ಖಾಲಿ ಒಪ್ಪಿಗೆ ಫಾರಂ ಕೇಳಿ ತರಲು ಹೇಳಿದೆ. ಕೆಲವು ಕಡೆ ಬೈದು ಅಟ್ಟಿದರು. ಏಳು ಫಾರಂ ಸಿಕ್ಕವು. ಆರು ಇಂಗ್ಲಿಷಿನಲ್ಲಿದ್ದವು. ಎರಡರಲ್ಲಿ ರೋಗಿಯ ಸಹಿಗೆ ಗೆರೆಯೇ ಇರಲಿಲ್ಲ, ಗಂಡ ಅಥವಾ ತಂದೆ ಎಂದಷ್ಟೇ ಇತ್ತು. "ಮೇಡಂ, ಇದು ಕರಾರೇ ಅಲ್ಲಲ್ರೀ" ಅಂದಳು ಒಬ್ಬ ಹುಡುಗಿ. ನಾನು ಅವಳಿಗೆ ನನ್ನ ಬೆಂಚಿನ ಕಥೆ ಹೇಳಿದೆ. ತರಗತಿಯಲ್ಲಿ ಅದನ್ನು ಹೇಳಿದ್ದು ಅದೇ ಮೊದಲು.

ಆಮೇಲೆ ಕನ್ನಡದಲ್ಲಿ ನಾವೇ ಒಂದು ಫಾರಂ ಬರೆಯಲು ಕೂತೆವು. ಮೂರು ಶನಿವಾರ ಹಿಡಿಯಿತು. ಒಬ್ಬ ಹುಡುಗ 'ಸಂವೇದನಾಹರಣ' ಎಂದು ಬರೆದ. ಅವನ ತಾಯಿ ಓದಿ ಏನಪ್ಪಾ ಇದು ಅಂದರಂತೆ. 'ಎಚ್ಚರ ತಪ್ಪಿಸುವ ಔಷಧಿ' ಎಂದಾಯಿತು. ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿಯೊಬ್ಬರು, ಪುಣ್ಯಾತ್ಮರು, ಹೆರಿಗೆ ವಾರ್ಡಿನ ಹೊರಗೆ ಕಾಯುವ ಹೆಂಗಸರಿಗೆ ಅದನ್ನು ಓದಿ ಹೇಳಲು ಬಿಟ್ಟರು. ಸೆರಗಿನಲ್ಲಿ ಚೀಟಿ ಕಟ್ಟಿಕೊಂಡಿದ್ದ ಒಬ್ಬಾಕೆ ಕೊನೆಯವರೆಗೂ ಗಮನವಿಟ್ಟು ಕೇಳಿದಳು. ರೋಗದ ಹೆಸರು, ತೆಗೆಯುವ ಅಂಗ, ಅಪಾಯ, ಬೇರೆ ದಾರಿ, ಎಲ್ಲ ಕೇಳಿದಳು. ಆಮೇಲೆ, "ಎಲ್ಲಾ ಬರದೀರಿ ತಂಗಿ, ತಗದ ಮ್ಯಾಲ ಹೊಲಕ್ಕ ಎಷ್ಟು ದಿನಕ್ಕ ಹೋಗಬಹುದು ಅನ್ನೂದು ಎಲ್ಲೈತಿ?" ಎಂದು ಕೇಳಿದಳು.

ಅದು ಎಲ್ಲೂ ಇರಲಿಲ್ಲ. ಹುಡುಗಿ ಕೆಂಪಾಗಿ, ಪೆನ್ನು ತೆಗೆದು, ಫಾರಮ್ಮಿನ ಕೆಳಗೆ ಇನ್ನೊಂದು ಸಾಲು ಬರೆದುಕೊಂಡಳು.